ಯುದ್ಧಕ್ಕಿಂತ ಮುಂಚಿನ ತಾರೀಕುಗಳು

ನಾನು ಹುಡುಕುತ್ತಿದ್ದದ್ದು ಬಿ. ಆರ್. ಶೆಣೈ ಅವರನ್ನು. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಬೆಳ್ಳಿಕೋತ್ ಎಂಬ ಊರಲ್ಲಿ 1905ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತದ ಟಿಪ್ಪಣಿ ಬರೆದವರು ಇವರೊಬ್ಬರೇ. ಕೊರತೆ ಹಣಕಾಸನ್ನು ನೆಚ್ಚಿ ಇಷ್ಟು ದೊಡ್ಡ ಯೋಜನೆ ಹೂಡಿದರೆ ಬೆಲೆ ಏರುತ್ತದೆ, ಏರಿದ ಬೆಲೆಯನ್ನು ಹಿಡಿಯಲು ನಿಯಂತ್ರಣದ ಮೇಲೆ ನಿಯಂತ್ರಣ ಹೇರಬೇಕಾಗುತ್ತದೆ ಎಂದು ಎಚ್ಚರಿಸಿದ್ದರು. ಅವರ ಮಗಳು ಸುಧಾ ಶೆಣೈ (1943–2008) ಕೂಡ ಅರ್ಥಶಾಸ್ತ್ರಜ್ಞೆ. ಹಣದುಬ್ಬರದ ಬಗ್ಗೆ ಅರ್ಥಶಾಸ್ತ್ರಜ್ಞ ಹಯೆಕ್ ಬರೆದದ್ದನ್ನು ಆಯ್ದು ಜೋಡಿಸಿದ ಆಕೆಯ ಪುಸ್ತಕ 1972ರಲ್ಲಿ ಲಂಡನ್ನಿನಲ್ಲಿ ಬಂತು. ಗ್ರಂಥಾಲಯದ ಸೂಚಿಯಲ್ಲಿ ಅದರ ಅಮೆರಿಕನ್ ಮುದ್ರಣದ ನಮೂದೂ ಸಿಕ್ಕಿತು: ಕೇಟೋ ಇನ್‌ಸ್ಟಿಟ್ಯೂಟ್, ಸ್ಯಾನ್ ಫ್ರಾನ್ಸಿಸ್ಕೊ, 1979.

ಕೇಟೋ ಇಂದು ವಾಷಿಂಗ್ಟನ್ನಿನ ಹೆಸರಾಂತ ಚಿಂತಕರ ಚಾವಡಿಗಳಲ್ಲೊಂದು. ತೆರಿಗೆ ಇಳಿಸಿ, ಸರ್ಕಾರವನ್ನು ಕಿರಿದಾಗಿಸಿ, ಮಾರುಕಟ್ಟೆಯನ್ನು ಬಿಟ್ಟುಬಿಡಿ ಎನ್ನುವ ಲಿಬರ್ಟೇರಿಯನ್ ಪಂಥದ ಮುಖ್ಯ ಸಂಸ್ಥೆ. ಇಷ್ಟು ನನಗೆ ಗೊತ್ತಿತ್ತು. ಅದರ ಹಳೆಯ ಪ್ರಕಟಣೆಗಳ ಪಟ್ಟಿಯಲ್ಲಿ ಶೆಣೈ ಹೆಸರಿನ ಹಿಂದೆ ಮುಂದೆ ಕಣ್ಣಾಡಿಸಿದಾಗ ಕಂಡದ್ದು ಮಾತ್ರ ಬೇರೆ. ಪರದೇಶಗಳಲ್ಲಿರುವ ಅಮೆರಿಕದ ಸೇನಾ ನೆಲೆಗಳನ್ನು ಮುಚ್ಚಿ, ಅನ್ಯರ ಜಗಳಕ್ಕೆ ಕೈಹಾಕಬೇಡಿ, ರಕ್ಷಣಾ ವೆಚ್ಚ ಕಡಿತಗೊಳಿಸಿ ಎಂಬ ವಾದ ದಶಕದಿಂದ ದಶಕಕ್ಕೆ ನಿಲ್ಲದೆ ಸಾಗಿದೆ. ತೈಲ ಸಂಸ್ಕರಣೆಯ ದೊಡ್ಡ ಉದ್ಯಮಿಯೊಬ್ಬರ ಹಣದಿಂದ ಹುಟ್ಟಿದ ಸಂಸ್ಥೆ ತನ್ನ ದೇಶದ ಯುದ್ಧಗಳನ್ನು ನಿಜವಾಗಿಯೂ ವಿರೋಧಿಸಿತೇ? ಅಥವಾ ಯುದ್ಧ ಕೆಟ್ಟ ಮೇಲೆ ಜಾಣತನದ ಮಾತಾಡಿತೇ? ಶೆಣೈ ಅವರ ಕಡತವನ್ನು ಬದಿಗಿಟ್ಟು ಈ ಪ್ರಶ್ನೆಯ ಬೆನ್ನು ಹತ್ತಿದೆ.

ಇಂಥದ್ದನ್ನು ತೂಗಲು ನಾನು ಎರಡೇ ವಿಷಯಗಳನ್ನು ನೋಡಿದೆ. ಒಂದು, ಕಾಗದದ ಮೇಲಿನ ತಾರೀಕು: ಮಾತು ಯುದ್ಧಕ್ಕೆ ಮುಂಚೆ ಬಂತೋ, ಆಮೇಲೆ ಬಂತೋ. ಇನ್ನೊಂದು, ಆ ಮಾತಿನಿಂದ ಆಡಿದವರಿಗೆ ಆದ ನಷ್ಟ.

ಮೊದಲು ಹುಟ್ಟಿನ ದಾಖಲೆ. 1974ರ ಡಿಸೆಂಬರಿನಲ್ಲಿ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ಚಾರ್ಲ್ಸ್ ಕೋಕ್ ಫೌಂಡೇಶನ್ ಎಂಬ ಹೆಸರಲ್ಲಿ ನೋಂದಣಿಯಾದ ಸಂಸ್ಥೆ ಇದು. 1976ರಲ್ಲಿ ಹೆಸರು ಬದಲಾಗಿ ಕೇಟೋ ಆಯಿತು, 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಲಸ ಶುರುವಾಯಿತು. ಹಣ ಆ ತೈಲ ಉದ್ಯಮಿ ಕೋಕ್ ಅವರದು, ಆಡಳಿತ ಎಡ್ ಕ್ರೇನ್ ಅವರದು, ಸಿದ್ಧಾಂತ ಮರ್ರಿ ರಾತ್‌ಬಾರ್ಡ್ ಎಂಬ ಅರ್ಥಶಾಸ್ತ್ರಜ್ಞರದು. 1720ರ ದಶಕದ ಮೊದಲಲ್ಲಿ ಲಂಡನ್ನಿನ ಜಾನ್ ಟ್ರೆಂಚರ್ಡ್ ಮತ್ತು ಥಾಮಸ್ ಗಾರ್ಡನ್ ‘ಕೇಟೋನ ಪತ್ರಗಳು’ ಎಂದು ಬರೆದ ಪ್ರಬಂಧಮಾಲೆಯಿಂದ ಹೆಸರು ಬಂತು. ಈ ಟ್ರೆಂಚರ್ಡ್ 1697ರಲ್ಲೇ, ಶಾಂತಿಕಾಲದಲ್ಲೂ ರಾಜ ಸಾಕುವ ಕಾಯಂ ಸೈನ್ಯ ಸ್ವತಂತ್ರ ಆಡಳಿತಕ್ಕೆ ಹೊಂದುವುದಿಲ್ಲ ಎಂದು ಪುಸ್ತಿಕೆ ಬರೆದಿದ್ದವನು. ಯುದ್ಧದ ಮೇಲಿನ ಅನುಮಾನ ಹಾಗೆ ಹೆಸರಿನ ಜೊತೆಯಲ್ಲೇ ಬಂದಿತ್ತು. ರಾತ್‌ಬಾರ್ಡ್ ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತ ಎಡಪಂಥೀಯ ವಿದ್ಯಾರ್ಥಿಗಳ ಜೊತೆ ಕೈಜೋಡಿಸಿದ್ದವರು. ಸಂಸ್ಥೆ 1977ರಲ್ಲಿ ಶುರುಮಾಡಿದ ‘ಇನ್‌ಕ್ವೈರಿ’ ಪತ್ರಿಕೆಯಲ್ಲಿ ಎಡದವರೂ ಬಲದವರೂ ಒಂದೇ ಸಂಚಿಕೆಯಲ್ಲಿ ಬರೆಯುತ್ತಿದ್ದರು.

ಇವರ ಯುದ್ಧವಿರೋಧದ ಬುಡ ಗಾಂಧಿಯ ಅಹಿಂಸೆಯಲ್ಲಿಲ್ಲ, ಮಾರ್ಕ್ಸ್‌ನ ಸಾಮ್ರಾಜ್ಯಶಾಹಿ ವಿಶ್ಲೇಷಣೆಯಲ್ಲೂ ಇಲ್ಲ. ಯುದ್ಧ ಬಂದರೆ ತೆರಿಗೆ ಏರುತ್ತದೆ, ಸಾಲ ಬೆಳೆಯುತ್ತದೆ, ನೋಟು ಅಚ್ಚಾಗುತ್ತದೆ, ಗೂಢಚರ್ಯೆ ಹೆಚ್ಚುತ್ತದೆ, ಹುಡುಗರನ್ನು ಕಡ್ಡಾಯವಾಗಿ ಸೇನೆಗೆ ಎಳೆಯಲಾಗುತ್ತದೆ. ಯುದ್ಧ ಮುಗಿದರೂ ಸರ್ಕಾರ ಹಳೆಯ ಅಳತೆಗೆ ಇಳಿಯುವುದಿಲ್ಲ. ಪಡಿತರ ಅಂಗಡಿಯನ್ನು ಕಂಡರೆ ಮುಖ ಸಿಂಡರಿಸುವವರು ಕ್ಷಿಪಣಿಯ ಬಾಬ್ತಿಗೆ ಸುರಿಯುವ ಕೋಟಿಗಳನ್ನು ಕಂಡು ಸುಮ್ಮನಿರಬಾರದು ಎಂಬುದೇ ಇವರ ತರ್ಕ. ಗಡಿ ಮುಚ್ಚಿ ಮನೆಯೊಳಗಿರಿ ಎಂದೂ ಇವರು ಹೇಳುವುದಿಲ್ಲ. ಸರಕು, ಬಂಡವಾಳ, ಮನುಷ್ಯರು ಧಾರಾಳವಾಗಿ ಓಡಾಡಲಿ, ಪಡೆಗಳು ಮಾತ್ರ ಮನೆಯಲ್ಲಿರಲಿ ಎನ್ನುತ್ತಾರೆ. ನನಗೆ ಇವರ ಅರ್ಥಶಾಸ್ತ್ರದಲ್ಲಿ ನಂಬಿಕೆ ಕಡಿಮೆ. ಆದರೆ ಈ ತರ್ಕವನ್ನು ಅವರು ಕೊನೆಯವರೆಗೂ ಎಳೆದು ನಿಲ್ಲಿಸಿದ್ದರೆ ಅದಕ್ಕೆ ಗೌರವ ಸಲ್ಲಬೇಕು ಎಂದುಕೊಂಡೇ ಮುಂದಿನ ಕಾಗದಗಳನ್ನು ತೆರೆದೆ.

ಮೊದಲ ನಿಜವಾದ ಪರೀಕ್ಷೆ 1990ರ ಆಗಸ್ಟ್ ತಿಂಗಳಲ್ಲಿ ಸದ್ದಾಂ ಹುಸೇನ್ ಕುವೈತಿಗೆ ನುಗ್ಗಿದಾಗ ಬಂತು. ಶೀತಲ ಸಮರ ಮುಗಿಯುತ್ತಿತ್ತು. ಬಲಪಂಥದ ಹೆಚ್ಚಿನ ಸಂಸ್ಥೆಗಳು ಹಿರಿಯ ಬುಷ್ ಹಿಂದೆ ನಿಂತಿದ್ದವು. ಕೇಟೋ ವಿರೋಧಿಸಿತು. ಮುಂದಾಳುಗಳು ಇಬ್ಬರು. ವಿದೇಶಾಂಗ ಅಧ್ಯಯನ ವಿಭಾಗದ ಟೆಡ್ ಗೇಲನ್ ಕಾರ್ಪೆಂಟರ್ ಒಬ್ಬರು, ಸಂಸ್ಥೆಯ ಅಧ್ಯಕ್ಷ ವಿಲಿಯಂ ನಿಸ್ಕನೆನ್ ಇನ್ನೊಬ್ಬರು. ಕೊಲ್ಲಿಯ ತೈಲ ಯಾರ ಕೈಯಲ್ಲಿದ್ದರೂ ಅವರು ಅದನ್ನು ಮಾರಲೇಬೇಕು, ಅದಕ್ಕಾಗಿ ಅಮೆರಿಕ ಯುದ್ಧಕ್ಕಿಳಿಯಬೇಕಿಲ್ಲ ಎಂಬುದು ಅವರ ವಾದದ ಒಂದು ಮುಖ್ಯ ಎಳೆ. 1991ರ ಜನವರಿ 12ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಸೆನೆಟ್ಟಿನಲ್ಲಿ 52–47, ಕೆಳಮನೆಯಲ್ಲಿ 250–183. ಕೆಲವೇ ವಾರಗಳಲ್ಲಿ ಅಮೆರಿಕ ಗೆದ್ದಿತು, ಮೆರವಣಿಗೆಗಳು ನಡೆದವು. ಕೇಟೋಗೆ ದೇಣಿಗೆ ಕೊಡುತ್ತಿದ್ದವರಲ್ಲಿ ಹಲವರು ಕೈ ಹಿಂತೆಗೆದರು. ಆಗ ಕಳೆದುಕೊಂಡ ಹಣ ಸುಮಾರು ಹತ್ತು ಲಕ್ಷ ಡಾಲರ್ ಎಂದು ವರದಿಯಾಯಿತು. ಆ ಕಾಲದ ಕೇಟೋದಂಥ ಸಂಸ್ಥೆಗೆ ಇದು ಸಣ್ಣ ಪೆಟ್ಟಲ್ಲ.

ನಿಸ್ಕನೆನ್ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಕಡತಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಮನುಷ್ಯ ಇವರು. 1960ರ ದಶಕದಲ್ಲಿ ಮೆಕ್ನಮಾರಾ ಕಾಲದ ರಕ್ಷಣಾ ಇಲಾಖೆಯಲ್ಲಿ ಲೆಕ್ಕ ವಿಶ್ಲೇಷಿಸುತ್ತಿದ್ದರು. ಸರ್ಕಾರಿ ಇಲಾಖೆಗಳು ತಮ್ಮ ಬಜೆಟ್ಟನ್ನು ಹೇಗೆ ಹಿಗ್ಗಿಸಿಕೊಳ್ಳುತ್ತವೆ ಎಂಬ ಬಗ್ಗೆ 1971ರಲ್ಲಿ ಅವರು ಬರೆದ ಪುಸ್ತಕವನ್ನು ಈಗಲೂ ಪಾಠ ಮಾಡುತ್ತಾರೆ. ಆಮೇಲೆ ಫೋರ್ಡ್ ಕಂಪನಿಯ ಮುಖ್ಯ ಅರ್ಥಶಾಸ್ತ್ರಜ್ಞರಾದರು. ಜಪಾನಿ ಕಾರುಗಳ ಆಮದಿಗೆ ಮಿತಿ ಹಾಕಿಸಲು ಕಂಪನಿ ಹೊರಟಾಗ ತಮ್ಮ ಮುಕ್ತ ವ್ಯಾಪಾರದ ನಿಲುವನ್ನು ಬಿಡಲಿಲ್ಲ, 1980ರಲ್ಲಿ ಕೆಲಸ ಕಳೆದುಕೊಂಡರು. ಅಲ್ಲಿಂದ ರೇಗನ್ ಅವರ ಆರ್ಥಿಕ ಸಲಹಾ ಮಂಡಳಿಗೆ ಹೋಗಿ, 1985ರಲ್ಲಿ ಕೇಟೋಗೆ ಬಂದರು. ಅನ್ನ ಕೊಡುವ ಕಂಪನಿಯ ಎದುರೇ ನಿಂತವರಿಗೆ ದಾನಿಗಳ ಸಿಟ್ಟು ಹೊಸದಾಗಿರಲಿಲ್ಲ. ಸಂಸ್ಥೆಯ ನೀತಿ ಎಂದು ನಾವು ಕರೆಯುವುದು ಎಷ್ಟೋ ಸಲ ಇಂಥ ಒಬ್ಬಿಬ್ಬರ ಹಟವೇ ಆಗಿರುತ್ತದೆ ಎಂದು ಈ ಹುಡುಕಾಟ ನನಗೆ ಮನವರಿಕೆ ಮಾಡಿಕೊಟ್ಟಿತು.

ಕೇಟೋ ಪ್ರಕಟಣೆಗಳಿಗೆ ಕ್ರಮಸಂಖ್ಯೆ ಮತ್ತು ತಾರೀಕು ಇರುತ್ತವೆ. ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. 1998ರ ಸಾಲಿಗೆ ಬಂದಾಗ ಎರಡು ಪ್ರಬಂಧ ಕಂಡವು, ಎರಡನ್ನೂ ಬರೆದವರು ರಕ್ಷಣಾ ನೀತಿಯ ಅಧ್ಯಯನ ನಡೆಸುತ್ತಿದ್ದ ಐವನ್ ಈಲಂಡ್. ಮೊದಲನೆಯದು ನೀತಿ ವಿಶ್ಲೇಷಣೆ ಸಂಖ್ಯೆ 306, 1998ರ ಮೇ 5. ಸಾಂಪ್ರದಾಯಿಕ ಸೇನಾಬಲದಲ್ಲಿ ಅಮೆರಿಕವನ್ನು ಯಾರೂ ಎದುರಿಸಲಾರರು, ಆದ್ದರಿಂದ ಅದರ ಮೇಲೆ ಸಿಟ್ಟಿರುವವರು ಭಯೋತ್ಪಾದನೆಯ ದಾರಿಯಿಂದ ಅಮೆರಿಕದ ನೆಲಕ್ಕೇ ಬರುತ್ತಾರೆ, ನಾಡನ್ನು ಕಾಯುವ ಒಳ್ಳೆಯ ಉಪಾಯ ಅನಗತ್ಯವಾಗಿ ಯಾರನ್ನೂ ಕೆಣಕದಿರುವುದು ಎಂಬುದು ಅದರ ಸಾರ. ಮೂರು ತಿಂಗಳು ಕಳೆದು ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕನ್ ರಾಯಭಾರ ಕಚೇರಿಗಳ ಮುಂದೆ ಬಾಂಬ್ ಸಿಡಿದವು. ಆಗಸ್ಟ್ 20ರಂದು ಕ್ಲಿಂಟನ್ ಅಫ್ಘಾನಿಸ್ತಾನ ಮತ್ತು ಸುಡಾನಿನ ಮೇಲೆ ಕ್ಷಿಪಣಿ ಬಿಡಿಸಿದರು. ಡಿಸೆಂಬರ್ 17ರಂದು ಈಲಂಡ್ ಅವರ ಎರಡನೆಯ ಪ್ರಬಂಧ ಬಂತು. ಪರದೇಶದಲ್ಲಿ ಮಾಡುವ ಹಸ್ತಕ್ಷೇಪವೇ ಭಯೋತ್ಪಾದನೆಯನ್ನು ಹುಟ್ಟಿಸುತ್ತದೆಯೇ ಎಂದು ಕೇಳಿ, ಉತ್ತರಕ್ಕೆ ಘಟನೆಗಳ ಉದ್ದನೆಯ ಪಟ್ಟಿಯನ್ನೇ ಕೊಟ್ಟಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಮಿತ್ರಪಕ್ಷಗಳಿಗೆ ಅಮೆರಿಕ ಮದ್ದುಗುಂಡು ಮಾರುತ್ತಿದ್ದುದಕ್ಕೆ ಸಿಟ್ಟಾಗಿ ಒಬ್ಬ 1915ರ ಜುಲೈಯಲ್ಲಿ ಸಂಸತ್ ಭವನದ ಸೆನೆಟ್ ಭಾಗದಲ್ಲಿ ಬಾಂಬ್ ಇಟ್ಟ ಪ್ರಸಂಗವೂ ಅದರಲ್ಲಿದೆ. 1983ರ ಬೇರೂತ್ ಸ್ಫೋಟವೂ ಇದೆ.

ಈ ಪ್ರಬಂಧವನ್ನು ಓದುವಾಗ ತಾರೀಕಿನ ಕಡೆಗೆ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು. ನ್ಯೂಯಾರ್ಕಿನ ಜೋಡಿ ಗೋಪುರಗಳು ಬೀಳಲು ಇನ್ನೂ ಎರಡು ವರ್ಷ ಒಂಬತ್ತು ತಿಂಗಳಿತ್ತು. ಓದುತ್ತ ಹೋದಂತೆ ಅದರ ದೌರ್ಬಲ್ಯವೂ ಕಾಣಿಸಿತು. ಅಮೆರಿಕ ಕೈಹಾಕಿಯೂ ಪ್ರತೀಕಾರ ಬಾರದ ದೇಶಗಳ ಪಟ್ಟಿಯನ್ನು ಈಲಂಡ್ ಪಕ್ಕದಲ್ಲಿ ಇಟ್ಟು ಹೋಲಿಸಿಲ್ಲ. ಹಾಗಾಗಿ ಕಾರಣ ಮತ್ತು ಪರಿಣಾಮದ ನಂಟು ಅವರು ಹೇಳುವಷ್ಟು ಗಟ್ಟಿಯಾಗಿ ಸಾಬೀತಾಗುವುದಿಲ್ಲ. ಆದರೂ ಸರ್ಕಾರದ ಒಳಗಿದ್ದವರು ಕಿವಿಗೊಡಬೇಕಿದ್ದ ಎಚ್ಚರಿಕೆ ಅದು. ಮುಚ್ಚಿದ ಕೋಣೆಯ ಟಿಪ್ಪಣಿಯಾಗಿರಲಿಲ್ಲ, ಯಾರು ಬೇಕಾದರೂ ತೆಗೆದು ಓದಬಹುದಿತ್ತು.

2001ರ ಸೆಪ್ಟೆಂಬರ್ 11ರ ನಂತರ ಕೇಟೋ ಶಾಂತಿವಾದಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ ಖೈದಾವನ್ನೂ ಅದಕ್ಕೆ ಆಸರೆ ಕೊಟ್ಟ ತಾಲಿಬಾನನ್ನೂ ಹೊಡೆಯುವುದಕ್ಕೆ ಬೆಂಬಲ ಕೊಟ್ಟಿತು, ಅಲ್ಲೇ ಬೇರೂರಿ ಕೂರುವುದನ್ನು ಮಾತ್ರ ವಿರೋಧಿಸಿತು. ಇರಾಕ್ ವಿಷಯದಲ್ಲಿ ಅದರ ನಿಲುವು ನೇರವಾಗಿತ್ತು. 2001ರ ಡಿಸೆಂಬರಿನಲ್ಲಿ, ಅಂದರೆ ಗೋಪುರಗಳ ಧೂಳು ಇನ್ನೂ ಅಡಗದ ಹೊತ್ತಿನಲ್ಲಿ, ಸಿಐಎಯ ಮಾಜಿ ಮುಖ್ಯಸ್ಥ ಜೇಮ್ಸ್ ವೂಲ್ಸಿ ಇರಾಕಿನ ಮೇಲೆ ದಾಳಿ ಮಾಡಬೇಕೆಂದು ವಾದಿಸಿದರೆ, ಅದೇ ವೇದಿಕೆಯಲ್ಲಿ ಬೇಡ ಎಂದು ವಾದಿಸಿದವರು ನಿಸ್ಕನೆನ್. 2002ರ ಡಿಸೆಂಬರ್ 17ರ ನೀತಿ ವಿಶ್ಲೇಷಣೆ ಸಂಖ್ಯೆ 464ರಲ್ಲಿ ಈಲಂಡ್ ಮತ್ತು ಬರ್ನಾರ್ಡ್ ಗೌರ್ಲಿ ಇರಾಕಿನ ಮೇಲೆ ಏಕೆ ದಾಳಿ ಮಾಡಬಾರದೆಂದು ವಿವರವಾಗಿ ಬರೆದರು. ದಾಳಿ ಶುರುವಾದದ್ದು 2003ರ ಮಾರ್ಚ್ ತಿಂಗಳಲ್ಲಿ. ಇಲ್ಲೂ ತಾರೀಕು ಮುಂಚಿನದೇ.

ಸಂಸ್ಥೆಯೊಳಗೆ ಒಂದೇ ಧ್ವನಿ ಇರಲಿಲ್ಲ. ಕೇಟೋದ ಹಿರಿಯ ವಿದ್ವಾಂಸರಲ್ಲೊಬ್ಬರಾದ ಬ್ರಿಂಕ್ ಲಿಂಡ್ಸಿ ಯುದ್ಧದ ಪರವಾಗಿ ಬಹಿರಂಗವಾಗಿ ಬರೆದರು. ನನಗೆ ಇದು ಸಂಸ್ಥೆಯ ಕುಂದಾಗಿ ಕಾಣಲಿಲ್ಲ. ಭಿನ್ನಮತಕ್ಕೆ ಜಾಗ ಇದ್ದ ಕಡೆ ಬಹುಮತದ ನಿಲುವಿಗೆ ಹೆಚ್ಚು ಬೆಲೆ.

ಪ್ರಕಟಣೆಗಳಿಂದ ಕಾಂಗ್ರೆಸ್ಸಿನ ನಡಾವಳಿಗೆ ದಾಟಿದೆ. ಚಿಂತಕರ ಚಾವಡಿಯ ಮಾತು ಮತವಾಗಿ ಮಾರ್ಪಡುವ ಜಾಗ ಅದು, ಮಾರ್ಪಡದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. 2002ರ ಅಕ್ಟೋಬರ್ 10ರಂದು ಇರಾಕ್ ಮೇಲೆ ಬಲಪ್ರಯೋಗಕ್ಕೆ ಕೆಳಮನೆ 296–133ರಿಂದ ಅನುಮತಿ ಕೊಟ್ಟಿತು. ಸೆನೆಟ್ಟಿನಲ್ಲಿ 77–23. ಕೆಳಮನೆಯ ರಿಪಬ್ಲಿಕನ್ನರಲ್ಲಿ ವಿರುದ್ಧ ಮತ ಹಾಕಿದವರು ಆರೇ ಜನ: ರಾನ್ ಪಾಲ್, ಜಾನ್ ಡಂಕನ್, ಜಾನ್ ಹಾಸ್ಟೆಟ್ಲರ್, ಆಮೋ ಹಾಟನ್, ಜಿಮ್ ಲೀಚ್, ಕಾನಿ ಮೊರೆಲಾ. ಕಾಲು ಶತಮಾನ ದುಡಿದ ಪಂಥಕ್ಕೆ ತನ್ನ ಸಮೀಪದ ಪಕ್ಷದಲ್ಲಿ ದಕ್ಕಿದ ಮತ ಇಷ್ಟೇ. ಆ ಆರರಲ್ಲೂ ತಾನು ಲಿಬರ್ಟೇರಿಯನ್ ಎಂದು ಹೇಳಿಕೊಳ್ಳುತ್ತಿದ್ದವರು ರಾನ್ ಪಾಲ್ ಒಬ್ಬರು.

ಪಾಲ್ ಟೆಕ್ಸಸ್‌ನ ಲೇಕ್ ಜಾಕ್ಸನ್ ಎಂಬ ಊರಿನ ಹೆರಿಗೆ ವೈದ್ಯರು. 1960ರ ದಶಕದಲ್ಲಿ ವಾಯುಪಡೆಯಲ್ಲಿ ವೈದ್ಯರಾಗಿದ್ದವರು. 2002ರ ಸೆಪ್ಟೆಂಬರ್ 10ರಂದು ಅವರು ಸದನದಲ್ಲಿ, ಇರಾಕ್ ಬಗ್ಗೆ ಯಾರೂ ಕೇಳದಿರುವ ಪ್ರಶ್ನೆಗಳಿವು ಎಂದು ಹೇಳಿ ಒಂದೊಂದಾಗಿ 35 ಪ್ರಶ್ನೆಗಳನ್ನಿಟ್ಟರು. ಅಕ್ಟೋಬರ್ ಮೊದಲ ವಾರದಲ್ಲಿ ವಿದೇಶಾಂಗ ಸಮಿತಿಯ ಸಭೆಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಮೆರಿಕದ ಸಂವಿಧಾನದಂತೆ ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು. ಕಾಂಗ್ರೆಸ್ ಕೊನೆಯ ಸಲ ಯುದ್ಧ ಸಾರಿದ್ದು 1942ರ ಜೂನ್ ತಿಂಗಳಲ್ಲಿ, ಬಲ್ಗೇರಿಯಾ, ಹಂಗೆರಿ, ರೊಮೇನಿಯಾಗಳ ಮೇಲೆ. ಯುದ್ಧ ಬೇಕಿದ್ದರೆ ಸಂವಿಧಾನದ ಪ್ರಕಾರ ನೇರವಾಗಿ ಸಾರಿ, ತೀರ್ಮಾನವನ್ನು ಅಧ್ಯಕ್ಷರ ಹೆಗಲಿಗೆ ದಾಟಿಸಬೇಡಿ ಎಂದ ಪಾಲ್ ಯುದ್ಧ ಘೋಷಣೆಯ ತಿದ್ದುಪಡಿಯನ್ನು ತಾವೇ ಮಂಡಿಸಿದರು. ತಾನು ಅದರ ವಿರುದ್ಧವೇ ಮತ ಹಾಕುವೆನೆಂದೂ ಹೇಳಿದರು. ಸಮಿತಿಯ ಅಧ್ಯಕ್ಷ ಹೆನ್ರಿ ಹೈಡ್ ಕೊಟ್ಟ ಉತ್ತರವನ್ನು ನಂಬಲಾಗದೆ ಮತ್ತೊಮ್ಮೆ ಓದಿದೆ. ಸಂವಿಧಾನದ ಕೆಲವು ಸಂಗತಿಗಳನ್ನು ಕಾಲ ಹಿಂದಿಕ್ಕಿದೆ, ಯುದ್ಧ ಘೋಷಣೆಯೂ ಅವುಗಳಲ್ಲೊಂದು ಎಂಬುದು ಅವರ ಮಾತಿನ ತಾತ್ಪರ್ಯ. ಪಾಲ್ ಅವರೇ 2001ರ ಸೆಪ್ಟೆಂಬರಿನಲ್ಲಿ ಬಲಪ್ರಯೋಗದ ಮೊದಲ ನಿರ್ಣಯಕ್ಕೆ ‘ಹೌದು’ ಎಂದಿದ್ದರು. ಆ ದಿನ ಕೆಳಮನೆಯಲ್ಲಿ 420 ಮತಗಳ ಎದುರು ನಿಂತ ಒಂದೇ ಮತ ಕ್ಯಾಲಿಫೋರ್ನಿಯಾದ ಡೆಮಾಕ್ರಟ್ ಬಾರ್ಬರಾ ಲೀ ಅವರದು.

ಪಾಲ್ ಅವರ ಕಡತದಲ್ಲಿ ಕಣ್ಣು ಮುಚ್ಚಿ ದಾಟಲಾಗದ ಇನ್ನೊಂದು ಕಟ್ಟು ಇದೆ. 1980ರ ದಶಕದಿಂದ 90ರ ದಶಕದ ನಡುವಿನವರೆಗೆ ಅವರ ಹೆಸರಲ್ಲಿ ಹೊರಡುತ್ತಿದ್ದ ಸುದ್ದಿಪತ್ರಗಳು. 2008ರಲ್ಲಿ ಜೇಮ್ಸ್ ಕರ್ಚಿಕ್ ಎಂಬ ಪತ್ರಕರ್ತ ಕ್ಯಾನ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯಲ್ಲೂ ಅವುಗಳ ಪ್ರತಿಗಳನ್ನು ಹುಡುಕಿ ತೆಗೆದರು. ಕಪ್ಪುಜನರ ಬಗ್ಗೆ, ಸಲಿಂಗಿಗಳ ಬಗ್ಗೆ ಅವುಗಳಲ್ಲಿರುವುದು ಹೇಸಿಗೆ ಹುಟ್ಟಿಸುವ ಮಾತು. ಅವನ್ನು ತಾನು ಬರೆದಿಲ್ಲ, ನೈತಿಕ ಹೊಣೆ ಮಾತ್ರ ತನ್ನದು ಎಂದರು ಪಾಲ್. ಇಷ್ಟರಿಂದ ನನಗೆ ಸಮಾಧಾನವಾಗಲಿಲ್ಲ. ತನ್ನ ಹೆಸರು ಹೊತ್ತ ಪತ್ರದಲ್ಲಿ ವರ್ಷಗಟ್ಟಲೆ ಏನು ಅಚ್ಚಾಗುತ್ತಿದೆ ಎಂದು ನೋಡದವರು ಸರ್ಕಾರದ ಹೊಣೆಗಾರಿಕೆಯ ಬಗ್ಗೆ ಆಡಿದ ಮಾತನ್ನು ಆಮೇಲೆ ಬೇರೆ ಕಣ್ಣಿಂದಲೇ ಓದಬೇಕಾಯಿತು. ಇರಾಕ್ ಬಗ್ಗೆ ಅವರು ಕೇಳಿದ ಪ್ರಶ್ನೆಗಳು ಇದರಿಂದ ಸುಳ್ಳಾಗುವುದಿಲ್ಲ. ಆ ಪ್ರಶ್ನೆಗಳು ಸರಿಯಿದ್ದುವೆಂದು ಈ ಕಾಗದಗಳು ಹಗುರವೂ ಆಗುವುದಿಲ್ಲ.

ಹಣದ ಹಾದಿಗೆ ಮರಳಿದೆ. ಅಮೆರಿಕದ ಇಂಥ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಪ್ರತಿವರ್ಷ ಸಲ್ಲಿಸುವ ಫಾರ್ಮ್ 990 ಎಂಬ ಲೆಕ್ಕಪತ್ರ ಸಾರ್ವಜನಿಕವಾಗಿರುತ್ತದೆ. ಆದಾಯ, ವೆಚ್ಚ, ಮುಖ್ಯಸ್ಥರ ಸಂಬಳ ಎಲ್ಲ ಸಿಗುತ್ತದೆ. ದಾನಿಗಳ ಹೆಸರು ಮಾತ್ರ ಸಾರ್ವಜನಿಕ ಪ್ರತಿಯಲ್ಲಿ ಇರಬೇಕಾಗಿಲ್ಲ. ನೀತಿಯನ್ನು ಪ್ರಭಾವಿಸಲೆಂದೇ ಇರುವ ಸಂಸ್ಥೆಗಳಿಗೆ ಈ ಮರೆ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಸಂಸ್ಥೆ ಯುದ್ಧದ ಪರವಿರಲಿ, ವಿರುದ್ಧವಿರಲಿ.

ಕೇಟೋದ ಒಳಗಿನ ಸಂಗತಿ ಹೊರಬಿದ್ದದ್ದು ನ್ಯಾಯಾಲಯದಲ್ಲಿ. ಲಾಭರಹಿತ ಸಂಸ್ಥೆಯಾದರೂ ಕ್ಯಾನ್ಸಸ್ ಕಾನೂನಿನಡಿ ಅದಕ್ಕೆ ಷೇರುದಾರರಿದ್ದರು. ಮೊದಲು ರಾತ್‌ಬಾರ್ಡ್ ಕೂಡ ಅವರಲ್ಲೊಬ್ಬರು. 1981ರಲ್ಲಿ ಕ್ರೇನ್ ಮತ್ತು ಕೋಕ್ ಜೊತೆ ಮನಸ್ತಾಪ ಬಂದು ಅವರನ್ನು ಹೊರಹಾಕಿದಾಗ ಷೇರುಗಳೂ ಕೈಬಿಟ್ಟವು. ಅದೇ ವರ್ಷ ಸಂಸ್ಥೆ ವಾಷಿಂಗ್ಟನ್ನಿಗೆ ಸ್ಥಳಾಂತರವಾಯಿತು. 2011ರ ಹೊತ್ತಿಗೆ ಉಳಿದ ಷೇರುದಾರರು ನಾಲ್ವರು: ಚಾರ್ಲ್ಸ್ ಕೋಕ್, ಅವರ ತಮ್ಮ ಡೇವಿಡ್, ಕ್ರೇನ್, ನಿಸ್ಕನೆನ್. ಆ ಅಕ್ಟೋಬರಿನಲ್ಲಿ ನಿಸ್ಕನೆನ್ ತೀರಿಕೊಂಡರು. ಅವರ ಪಾಲು ಪತ್ನಿಗೆ ಹೋಗಬೇಕೋ, ಸಂಸ್ಥೆಗೆ ಮರಳಬೇಕೋ ಎಂಬ ವಿವಾದ 2012ರಲ್ಲಿ ಕ್ಯಾನ್ಸಸ್‌ನ ನ್ಯಾಯಾಲಯ ಮುಟ್ಟಿತು. ಮೊಕದ್ದಮೆ ಹೂಡಿದವರು ಕೋಕ್ ಸಹೋದರರು. ಕೇಟೋವನ್ನು ರಿಪಬ್ಲಿಕನ್ ಪಕ್ಷದ ಚುನಾವಣಾ ಯಂತ್ರಕ್ಕೆ ಬಿಗಿಯಲು ಅವರು ಹೊರಟಿದ್ದಾರೆ, ಹಾಗಾದರೆ ಯುದ್ಧವಿರೋಧದ ಕೆಲಸಕ್ಕೆ ಕುತ್ತು ಎಂಬ ಆತಂಕ ಒಳಗಿನವರಲ್ಲಿ ಹಬ್ಬಿತು. ಜೂನ್ ತಿಂಗಳಲ್ಲಿ ರಾಜಿಯಾಯಿತು: ಷೇರು ಪದ್ಧತಿ ರದ್ದು, ಆಡಳಿತ ಮಂಡಳಿಗೆ ಪೂರ್ಣ ಅಧಿಕಾರ, ಕ್ರೇನ್ ನಿವೃತ್ತಿ, ಅವರ ಜಾಗಕ್ಕೆ ಬ್ಯಾಂಕರ್ ಜಾನ್ ಆಲಿಸನ್. ಆಮೇಲಿನ ಪ್ರಕಟಣೆಗಳಲ್ಲೂ ಪರದೇಶದ ಯುದ್ಧಗಳ ವಿರುದ್ಧದ ಬರಹ ಮುಂದುವರಿಯಿತು. ಏಳು ವರ್ಷಗಳ ಬಳಿಕ, 2019ರಲ್ಲಿ, ಸಂಯಮದ ವಿದೇಶಾಂಗ ನೀತಿಗಾಗಿ ಕ್ವಿನ್ಸಿ ಇನ್‌ಸ್ಟಿಟ್ಯೂಟ್ ಎಂಬ ಹೊಸ ಸಂಸ್ಥೆ ಹುಟ್ಟಿದಾಗ ಕೋಕ್ ಅವರ ಪ್ರತಿಷ್ಠಾನ ಐದು ಲಕ್ಷ ಡಾಲರ್ ಕೊಟ್ಟಿತು. ಅಷ್ಟೇ ಮೊತ್ತವನ್ನು ಕೊಟ್ಟ ಇನ್ನೊಬ್ಬ ದಾನಿ ಜಾರ್ಜ್ ಸೊರೋಸ್ ಅವರ ಪ್ರತಿಷ್ಠಾನ. ಮಿಕ್ಕೆಲ್ಲದರಲ್ಲೂ ಎದುರುಬದುರಾಗಿರುವ ಈ ಇಬ್ಬರ ಹಣ ಒಂದೇ ಖಾತೆಗೆ ಬಂದದ್ದು ಯುದ್ಧ ಬೇಡ ಎಂಬ ಒಂದು ವಿಷಯಕ್ಕೆ.

ಇಂಥ ಕೂಡಿಕೆ ಅದಕ್ಕೂ ಹಿಂದೆ ಕಾಂಗ್ರೆಸ್ಸಿನ ಕಾಗದದಲ್ಲೇ ನಡೆದಿತ್ತು. 2005ರ ಜೂನ್ ತಿಂಗಳಲ್ಲಿ, ಇರಾಕಿನಿಂದ ಸೈನ್ಯ ಹಿಂದಕ್ಕೆ ಕರೆಸಲು ವೇಳಾಪಟ್ಟಿ ಹಾಕಿ ಎಂದು ಕೆಳಮನೆಯಲ್ಲಿ ಬಂದ ಒಂದು ನಿರ್ಣಯದ ಹಿಂದೆ ನಾಲ್ಕು ಹೆಸರುಗಳಿವೆ. ಡೆಮಾಕ್ರಟ್ಟರಾದ ನೀಲ್ ಅಬರ್‌ಕ್ರೋಂಬಿ ಮತ್ತು ಡೆನಿಸ್ ಕುಸಿನಿಚ್, ರಿಪಬ್ಲಿಕನ್ನರಾದ ರಾನ್ ಪಾಲ್ ಮತ್ತು ವಾಲ್ಟರ್ ಜೋನ್ಸ್. 2013ರ ಏಪ್ರಿಲಿನಲ್ಲಿ, ಸಂಸತ್ತಿನಿಂದ ನಿವೃತ್ತರಾದ ಪಾಲ್ ಹಸ್ತಕ್ಷೇಪ ಬೇಡ ಎನ್ನುವ ತಮ್ಮದೇ ಶಾಂತಿ ಸಂಸ್ಥೆಯನ್ನು ಶುರುಮಾಡಿದರು. ಅದರ ಸಲಹಾ ಮಂಡಳಿಯಲ್ಲಿ ಕುಸಿನಿಚ್ ಇದ್ದರು, 2002ರಲ್ಲಿ ವಿರುದ್ಧ ಮತ ಹಾಕಿದ ಡಂಕನ್ ಇದ್ದರು, ಜೋನ್ಸ್ ಕೂಡ ಇದ್ದರು.

ಮಂಡಳಿಯ ಪಟ್ಟಿಯನ್ನು 2002ರ ಮತಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ. ಈ ಹೆಸರುಗಳಲ್ಲಿ ಆ ದಿನ ಯುದ್ಧದ ಪರ ಮತ ಹಾಕಿದವರು ಜೋನ್ಸ್ ಒಬ್ಬರೇ. ಫ್ರಾನ್ಸ್ ಯುದ್ಧಕ್ಕೆ ಒಪ್ಪಲಿಲ್ಲವೆಂದು 2003ರಲ್ಲಿ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್‌ಗೆ ‘ಫ್ರೀಡಂ ಫ್ರೈಸ್’ ಎಂದು ಹೆಸರು ಬದಲಿಸಿದ ಪ್ರಸಂಗದ ಮುಂದಾಳುಗಳಲ್ಲೂ ಅವರಿದ್ದರು. ಅದೇ ವರ್ಷ ತಮ್ಮ ಕ್ಷೇತ್ರದ ಲೆಜೂನ್ ಮರೀನ್ ನೆಲೆಯಲ್ಲಿ ನಡೆದ ಒಬ್ಬ ಸೈನಿಕನ ಅಂತ್ಯಕ್ರಿಯೆಯಿಂದ ಮರಳಿದ ಮೇಲೆ ಅವರು ಬದಲಾದರು. ಮಡಿದ ಸೈನಿಕರ ಮನೆಗಳಿಗೆ ಪತ್ರ ಬರೆದು ಸಹಿ ಹಾಕತೊಡಗಿದರು. 2019ರ ಫೆಬ್ರವರಿ 10ರಂದು, ತಮ್ಮ 76ನೇ ಹುಟ್ಟುಹಬ್ಬದ ದಿನ ಅವರು ತೀರಿಕೊಳ್ಳುವ ಹೊತ್ತಿಗೆ ಆ ಪತ್ರಗಳು ಹನ್ನೊಂದು ಸಾವಿರ ದಾಟಿದ್ದವು. ಆ ಮತಕ್ಕೆ ಇದು ತನ್ನ ಪ್ರಾಯಶ್ಚಿತ್ತ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು.